ಮನೇಲಿ ಪಟಪಟ, ಸ್ಕೂಲಲ್ಲಿ ಗಪ್‌ಚುಪ್

ನಮ್ಮ ಪುಟ್ಟಿ ಮನೆಯಲ್ಲಿ ಬಾಯಿ ಮುಚ್ಚುವುದು ನಿದ್ದೆ ಮಾಡುವಾಗ ಮಾತ್ರ. ಬೆಳಗ್ಗೆ ಅಜ್ಜಿ ಜೊತೆ ಶುರುವಾದರೆ ರಾತ್ರಿ ಅಪ್ಪನ ಜೊತೆ ಮುಗಿಯುತ್ತದೆ. ಅಂಥವಳನ್ನು ಎಲ್‌ಕೆಜಿಗೆ ಸೇರಿಸಿ ಮೊದಲ ಪಿಟಿಎಂಗೆ ಹೋದರೆ ಅವಳ ಮಿಸ್ ಮೆಲ್ಲಗೆ ಕೇಳಿದರು, "ಮೇಡಂ, ಪಾಪುಗೆ ಮಾತು ಬರುತ್ತಾ?"

ನನಗೆ ನಗು ಬಂತು. ಬೇರೆ ಯಾರದೋ ಮಗು ಅಂದುಕೊಂಡು ಕೇಳ್ತಿದ್ದಾರೆ ಅನ್ನಿಸಿತು. ಅಲ್ಲ, ನಮ್ಮವಳೇ. ಶಾಲೆಗೆ ಸೇರಿದಾಗಿನಿಂದ ಒಂದು ಅಕ್ಷರ ಆಡಿಲ್ಲವಂತೆ. ಹಾಜರಿ ಕರೆದರೆ ಸುಮ್ಮನೆ ನೋಡುತ್ತಾಳೆ. ಪಕ್ಕದ ಮಗು ಪೆನ್ಸಿಲ್ ಕಿತ್ತುಕೊಂಡರೂ ಸುಮ್ಮನೆ. ಬರೆಯೋದು ಅಚ್ಚುಕಟ್ಟು, ಬಣ್ಣ ಹಚ್ಚೋದು ಅಚ್ಚುಕಟ್ಟು. ಮಾತೊಂದೇ ಇಲ್ಲ.

ಹೊಸದಲ್ವಾ, ಸರಿಹೋಗ್ತಾಳೆ ಅಂತ ಎಲ್ಲರೂ ಅಂದರು. ಯುಕೆಜಿ ಬಂತು. ಸರಿಹೋಗಲಿಲ್ಲ.

ಆಮೇಲೆ ಸಲಹೆ ಕೊಡುವವರು ಜಾಸ್ತಿಯಾದರು. ನಮ್ಮತ್ತೆ ಬಜೆ ತಂದು ತೇಯ್ದು ನಾಲಿಗೆಗೆ ಹಚ್ಚಿದರು. "ಮಾತು ಬರೋ ಮಗೂಗೆ ಬಜೆ ಯಾಕತ್ತೆ?" ಅಂದೆ. "ಸ್ಕೂಲಲ್ಲಿ ಬರಲ್ವಲ್ಲಮ್ಮ, ಅದಕ್ಕೆ" ಅಂದರು. ಅವರ ಲೆಕ್ಕ ಅವರಿಗೆ ಸರಿ. ನನ್ನ ಅಣ್ಣ ಬಂದವನು ದೊಡ್ಡ ಚಾಕೊಲೇಟ್ ಮುಂದೆ ಇಟ್ಟುಕೊಂಡು, "ಮಿಸ್ ಹತ್ರ ಒಂದೇ ಒಂದು ಗುಡ್ ಮಾರ್ನಿಂಗ್ ಹೇಳಿಬಿಡು, ಇದು ನಿಂದು" ಅಂದ. ಹೇಳಲಿಲ್ಲ, ಚಾಕೊಲೇಟನ್ನೂ ಮುಟ್ಟಲಿಲ್ಲ. ಎದುರು ಮನೆಯವರದು ಒಂದೇ ಮಾತು, "ಹಠ, ಬರೀ ಹಠ. ಎರಡು ಬಿಟ್ರೆ ತಾನಾಗೇ ಬಾಯಿ ಬಿಡ್ತಾಳೆ."

ಹಠ ಅಲ್ಲ ಅಂತ ನನಗೆ ಗೊತ್ತಾಗುತ್ತಿದ್ದುದು ಅವಳ ಮುಖದಿಂದ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅಳತೆ ಕೊಡಲು ಬಂದವರು "ಏನ್ ಪುಟ್ಟಿ ನಿನ್ ಹೆಸರು?" ಅಂದ ಕೂಡಲೇ ಅವಳ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಕಣ್ಣು ಒಂದೇ ಕಡೆ ನೆಟ್ಟು, ಕೈ ಫ್ರಾಕಿನ ಅಂಚು ಹಿಡಿದು ಹಾಗೇ ನಿಂತುಬಿಡುತ್ತಿದ್ದಳು. ಹಠ ಮಾಡುವ ಮಗು ಹಾಗಿರಲ್ಲ. ಹಠ ಮಾಡುವಾಗ ನಮ್ಮವಳು ಹೇಗಿರುತ್ತಾಳೆ ಅಂತ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅದು ನಮಗೆ ದಿನಾ ಸಂಜೆ ಸಿಗುತ್ತಿತ್ತು.

ವ್ಯಾನು ಬಂದು ನಿಂತು ಅವಳು ಹೊಸ್ತಿಲು ದಾಟುವವರೆಗೆ ಮಾತ್ರ ಶಾಂತಿ. ಆಮೇಲೆ ಬ್ಯಾಗು ಒಂದು ಕಡೆ, ವಾಟರ್ ಬಾಟಲಿ ಒಂದು ಕಡೆ. ದೋಸೆ ಮಡಚಿದ್ದು ಸರಿಯಿಲ್ಲ ಅಂತ ಚೀರಾಟ. ಅಜ್ಜಿ ಟಿವಿ ಹಾಕಿದ್ದಕ್ಕೆ ಅಳು. ಒಂದು ಸಲ ನನ್ನ ಕತ್ತರಿ ಎತ್ತಿ ನೆಲಕ್ಕೆ ಎಸೆದಳು. ಇದರ ಜೊತೆಗೆ ಇನ್ನೊಂದು. ಬಾಟಲಿಯಲ್ಲಿ ಹಾಕಿದ ನೀರು ಹಾಕಿದ ಹಾಗೇ ವಾಪಸ್ ಬರುತ್ತಿತ್ತು, ಯೂನಿಫಾರ್ಮ್ ಮಾತ್ರ ಒದ್ದೆ. ಟಾಯ್ಲೆಟ್‌ಗೆ ಹೋಗಬೇಕು ಅಂತ ಕೇಳಲಾಗದೆ ಇಡೀ ದಿನ ತಡೆದುಕೊಳ್ಳುತ್ತಿದ್ದಳು. ನೀರು ಕುಡಿದರೆ ಹೋಗಬೇಕಾಗುತ್ತಲ್ಲ, ಅದಕ್ಕೆ ನೀರೂ ಬಿಟ್ಟಳು. ಉರಿ ಮೂತ್ರ, ಜ್ವರ. ಡಾಕ್ಟರು ಇನ್ಫೆಕ್ಷನ್‌ಗೆ ಮಾತ್ರೆ ಕೊಟ್ಟರು. ಆವತ್ತು ನಾನು ತೀರ್ಮಾನ ಮಾಡಿದೆ, ಕಾಯೋದು ಸಾಕು.

ಯಾರ ಹತ್ತಿರ ಹೋಗಬೇಕು ಅನ್ನೋದೇ ಗೊತ್ತಿರಲಿಲ್ಲ. ಕಿವಿ ಡಾಕ್ಟರಾ, ಮಕ್ಕಳ ಡಾಕ್ಟರಾ, ಮನಸ್ಸಿನ ಡಾಕ್ಟರಾ? ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮ ಚಿಕ್ಕಮ್ಮನ ಮಗಳು ಒಂದು ನಂಬರ್ ಕೊಟ್ಟಳು, 14416. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಅತ್ತೆ ಮಲಗಿದ ಮೇಲೆ ಹಿತ್ತಲಿಗೆ ಹೋಗಿ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಪೂರ್ತಿ ಕೇಳಿಸಿಕೊಂಡು ಎರಡು ವಿಷಯ ಹೇಳಿದರು. ಮೊದಲು ಕಿವಿ ಮತ್ತು ಮಾತು ಪರೀಕ್ಷೆ ಮಾಡಿಸಿ, ಜೊತೆಗೆ ಸೈಕಾಲಜಿಸ್ಟ್‌ಗೂ ತೋರಿಸಿ. ಹೋಗುವಾಗ ಮನೆಯಲ್ಲಿ ಅವಳು ಮಾತಾಡುವ ವಿಡಿಯೋ ತಗೊಂಡು ಹೋಗಿ, ಯಾಕೆಂದರೆ ಅಲ್ಲಿ ಅವಳು ಮಾತಾಡಲ್ಲ.

ವಿಡಿಯೋ ನನ್ನ ಹತ್ತಿರ ಆಗಲೇ ಇತ್ತು. ಗೋಡೆಗೆ ಐದಾರು ಗೊಂಬೆ ಸಾಲಾಗಿ ಕೂರಿಸಿ, ನನ್ನ ಟೇಪ್ ಕತ್ತಿಗೆ ಹಾಕಿಕೊಂಡು, ಅಡಿಕೋಲು ಹಿಡಿದು ಪುಟ್ಟಿ ಪಾಠ ಮಾಡುತ್ತಿದ್ದಳು. "ಸೈಲೆನ್ಸ್! ಫಿಂಗರ್ ಆನ್ ಯುವರ್ ಲಿಪ್ಸ್! ಏಯ್ ನೀನು, ಕನ್ನಡದಲ್ಲಿ ಮಾತಾಡಬಾರ್ದು ಅಂತ ಎಷ್ಟು ಸಲ ಹೇಳೋದು?" ಅಂತ ಕನ್ನಡದಲ್ಲೇ ಗದರುತ್ತಿದ್ದಳು. ಆ ಧ್ವನಿ, ಆ ಕತ್ತು ಕೊಂಕಿಸೋದು, ಎಲ್ಲ ಅವರ ಮಿಸ್‌ದೇ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ನಮ್ಮ ಕಡೆಯವರು 'ಸ್ಪೀಚ್ ಅಂಡ್ ಹಿಯರಿಂಗ್' ಅಂತಲೇ ಅನ್ನುತ್ತೇವೆ. ಕಿವಿ, ಮಾತು, ಸೈಕಾಲಜಿ ಎಲ್ಲ ಒಂದೇ ಕಡೆ ಇರುವುದು ನಮ್ಮಂಥವರಿಗೆ ದೊಡ್ಡ ಅನುಕೂಲ. ನಂಜನಗೂಡಿನಿಂದ ಬೆಳಗಿನ ಬಸ್ಸು ಹಿಡಿದು ಹೋದೆವು.

ಮೊದಲು ಕಿವಿ. ಹೊರಗಿನ ಸದ್ದು ಬರದ ಸಣ್ಣ ರೂಮು. ಪುಟ್ಟಿ ತಲೆಗೆ ಅವಳ ಮುಖಕ್ಕಿಂತ ದೊಡ್ಡ ಹೆಡ್‌ಫೋನು. ಮುಂದೆ ಒಂದು ಡಬ್ಬಿ, ಒಂದಿಷ್ಟು ಬಣ್ಣದ ಬ್ಲಾಕು. ಕಿವಿಯಲ್ಲಿ ಸದ್ದು ಕೇಳಿದ ಕೂಡಲೇ ಒಂದು ಬ್ಲಾಕ್ ಡಬ್ಬಿಗೆ ಹಾಕಬೇಕು, ಅಷ್ಟೇ. ಸದ್ದು ಸಣ್ಣದಾಗುತ್ತಾ ಹೋಗುತ್ತದೆ, ಮಗು ಉಸಿರು ಬಿಗಿ ಹಿಡಿದು ಕೇಳುತ್ತದೆ. ಬಾಯಿ ಬಿಡುವ ಅಗತ್ಯವೇ ಇಲ್ಲ. ಹೊರಗಿನವರ ಮುಂದೆ ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲೇ ಇಲ್ಲ. ಕಿವಿ ಸರಿಯಿತ್ತು. ಮಾತಿನ ವಿಭಾಗದಲ್ಲಿ ವಿಡಿಯೋ ತೋರಿಸಿದೆ. ಗೊಂಬೆ ಕ್ಲಾಸು ನೋಡಿ ಅಲ್ಲಿ ಪರೀಕ್ಷೆ ಮಾಡುತ್ತಿದ್ದ ಹುಡುಗಿ ಜೋರಾಗಿ ನಕ್ಕುಬಿಟ್ಟರು. ಉಚ್ಚಾರ, ವಾಕ್ಯ ಎಲ್ಲ ವಯಸ್ಸಿಗೆ ತಕ್ಕ ಹಾಗಿದೆ ಅಂದರು.

ಸೈಕಾಲಜಿಸ್ಟ್ ಮೇಡಂ ಪುಟ್ಟಿಯನ್ನು ಏನೂ ಕೇಳಲಿಲ್ಲ. ಹತ್ತು ಮರದ ಆಕಾರಗಳನ್ನು ಹಲಗೆಯ ಗುಳಿಗಳಲ್ಲಿ ಕೂರಿಸುವ ಒಂದು ಪರೀಕ್ಷೆ ಕೊಟ್ಟರು. ಸರಸರ ಮುಗಿಸಿದಳು. ಆಮೇಲೆ ಅವಳಿಗೆ ಕ್ರೇಯಾನ್ ಕೊಟ್ಟು ಕೂರಿಸಿ, ನನ್ನ ಹತ್ತಿರ ಒಂದು ಹಾಳೆ ಇಟ್ಟುಕೊಂಡರು. ಮೇಲೆ ಉದ್ದಕ್ಕೆ ಜಾಗಗಳು: ಮನೆ, ಬೀದಿ, ಅಂಗಡಿ, ವ್ಯಾನು, ಆಟದ ಮೈದಾನ, ಕ್ಲಾಸು. ಕೆಳಗೆ ಜನ: ಅಮ್ಮ, ಅಪ್ಪ, ಅಜ್ಜಿ, ಮಾವ, ಅಕ್ಕಪಕ್ಕದ ಮಕ್ಕಳು, ಮಿಸ್, ಆಯಾ. ಯಾರ ಜೊತೆ ಎಲ್ಲಿ ಜೋರಾಗಿ ಮಾತಾಡ್ತಾಳೆ, ಎಲ್ಲಿ ಪಿಸುಗುಡ್ತಾಳೆ, ಎಲ್ಲಿ ಏನೂ ಇಲ್ಲ, ಒಂದೊಂದೇ ಚೌಕ ತುಂಬಿಸುತ್ತಾ ಹೋದರು.

ಅದನ್ನು ತುಂಬಿಸುವಾಗಲೇ ನನಗೆ ಎಷ್ಟೋ ಹೊಳೆಯಿತು. ಅಪ್ಪನ ಜೊತೆ ಮನೆಯಲ್ಲಿ ಜೋರು, ಅದೇ ಅಪ್ಪನ ಜೊತೆ ಶಾಲೆ ಗೇಟಿನಲ್ಲಿ ಪಿಸುಮಾತು. ವ್ಯಾನಿನಲ್ಲಿ ನಮ್ಮ ಬೀದಿಯ ಹುಡುಗಿ ಒಬ್ಬಳೇ ಇರುವಷ್ಟು ಹೊತ್ತು ಮಾತು. ಮುಂದಿನ ಸ್ಟಾಪಿನಲ್ಲಿ ಬೇರೆ ಮಕ್ಕಳು ಹತ್ತಿದ ಕೂಡಲೇ ಬಂದ್. ಮೈದಾನದಲ್ಲಿ ಅದೇ ಹುಡುಗಿಯ ಕಿವಿಯಲ್ಲಿ ಒಂದೆರಡು ಪದ. ಮೇಡಂ ಹಾಳೆಯಲ್ಲಿ ಆ ಚೌಕಕ್ಕೆ ಸುತ್ತು ಹಾಕಿ, "ನಾವು ಇಲ್ಲಿಂದ ಶುರು ಮಾಡೋಣ" ಅಂದರು.

ಇದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಅನ್ನುತ್ತಾರೆ. ಇದು ಆತಂಕದ ತೊಂದರೆ. ನೂರಕ್ಕೆ ಒಂದಕ್ಕಿಂತ ಕಡಿಮೆ ಮಕ್ಕಳಿಗೆ ಬರುತ್ತದೆ, ಅದಕ್ಕೇ ಹೆಚ್ಚಿನ ಟೀಚರುಗಳು ನೋಡಿರುವುದೇ ಇಲ್ಲ. ಮಗುವಿಗೆ ಮಾತಾಡಬೇಕು ಅಂತಲೇ ಇರುತ್ತದೆ, ಆದರೆ ಆ ಜಾಗದಲ್ಲಿ ಗಂಟಲು ಕಟ್ಟಿಕೊಳ್ಳುತ್ತದೆ. ಬೇಕೆಂದೇ ಸುಮ್ಮನಿರುತ್ತವೆ ಅಂತ ಹಿಂದೆ ವೈದ್ಯರೂ ನಂಬಿದ್ದರಂತೆ. 1877ರಲ್ಲಿ ಇದರ ಬಗ್ಗೆ ಬರೆದ ಜರ್ಮನಿಯ ಕುಸ್ಮಾಲ್ ಅನ್ನುವ ವೈದ್ಯರು ಹಾಗೇ ತಿಳಿದಿದ್ದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ಆತಂಕದ ಕಾಯಿಲೆಗಳ ಪಟ್ಟಿಗೆ ಸೇರಿದ್ದು 2013ರಲ್ಲಿ. ಎದುರು ಮನೆಯವರ ಮೇಲಿದ್ದ ನನ್ನ ಸಿಟ್ಟು ಅದನ್ನು ಓದಿದ ಮೇಲೆ ಸ್ವಲ್ಪ ಇಳಿಯಿತು.

ನಮ್ಮನೆಯವರು ಕೇಳಿದ್ದು ಒಂದೇ. "ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಕ್ಕೆ ಹೀಗಾಯ್ತಾ ಮೇಡಂ?" ಒಳ್ಳೆಯ ಪ್ರಶ್ನೆ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಕೆಲವು ತಿಂಗಳು ಸುಮ್ಮನಿರೋದು ಸಹಜವಂತೆ. ಆದರೆ ಅಂಥ ಮಕ್ಕಳು ತಮ್ಮ ಭಾಷೆಯವರು ಸಿಕ್ಕರೆ ಆರಾಮಾಗಿ ಮಾತಾಡುತ್ತಾರೆ. ನಮ್ಮವಳ ಕ್ಲಾಸಿನಲ್ಲಿ ಹೆಚ್ಚಿನ ಮಕ್ಕಳು ಕನ್ನಡದವರೇ. ಅವರ ಜೊತೆಯೂ ಇಲ್ಲ. ಶಾಲೆ ಸೇರಿದ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯಲ್ಲ, ಆಮೇಲೂ ಒಂದು ತಿಂಗಳ ಮೇಲೆ ಹೀಗೇ ಇದ್ದರೆ ತೋರಿಸಬೇಕು ಅಂದರು.

ಸಂಜೆಯ ರಂಪಕ್ಕೂ ಅವರೇ ಕಾರಣ ಹೇಳಿದರು. ಹಗಲೆಲ್ಲ ಬಿಗಿ ಹಿಡಿದುಕೊಂಡಿದ್ದು ನಮ್ಮ ಮುಂದೆ ಸಡಿಲವಾಗುತ್ತದೆ. ಬಂದ ಕೂಡಲೇ "ಇವತ್ತು ಮಾತಾಡಿದ್ಯಾ?" ಅಂತ ಕೇಳಬೇಡಿ. ತಿಂಡಿ ಕೊಡಿ, ಅರ್ಧ ಗಂಟೆ ಅವಳ ಪಾಡಿಗೆ ಬಿಡಿ. ವಸ್ತು ಎಸೆದರೆ ಮಾತ್ರ, ಎತ್ತಿಡಬೇಕು ಅನ್ನೋ ನಿಯಮ ಇರಲಿ, ಕೂಗಾಟ ಬೇಡ. ಅತ್ತೆಗೆ ಇದು ಮುದ್ದು ಜಾಸ್ತಿಯಾಯ್ತು ಅನ್ನಿಸಿತು. ಆದರೂ ಆ ಹೊತ್ತಿಗೆ ಟಿವಿ ಹಾಕೋದು ನಿಲ್ಲಿಸಿದರು. ಸೀರಿಯಲ್ ಬಿಡೋದು ಸಣ್ಣ ತ್ಯಾಗ ಅಲ್ಲ!

ಇನ್ನೊಂದು ವಿಷಯ ನನಗೆ ತುಂಬಾ ಉಪಯೋಗವಾಯಿತು. ಯಾರೋ ಹೆಸರು ಕೇಳುತ್ತಾರೆ, ಮಗು ಗಟ್ಟಿಯಾಗಿ ನಿಂತುಬಿಡುತ್ತದೆ, ಪಾಪ ಅಂತ ದೊಡ್ಡವರು ಉತ್ತರ ಹೇಳಿಬಿಡುತ್ತಾರೆ. ಮಗುವಿಗೆ ಆ ಕ್ಷಣ ಎಷ್ಟು ಹಾಯೆನಿಸುತ್ತದೆ ಅಂದರೆ, ಮುಂದಿನ ಸಲ ಸುಮ್ಮನಿರೋದೇ ಸುಲಭದ ದಾರಿಯಾಗುತ್ತದೆ. ಅದಕ್ಕೆ ಒತ್ತಾಯವೂ ಬೇಡ, ಪರವಾಗಿ ಉತ್ತರವೂ ಬೇಡ. ಕೇಳಿ, ಮನಸ್ಸಿನಲ್ಲೇ ಐದು ಎಣಿಸಿ, ಕಾಯಿರಿ. ಹೌದು-ಇಲ್ಲ ಅಂತ ತಲೆಯಾಡಿಸಿ ಮುಗಿಸುವ ಪ್ರಶ್ನೆ ಬೇಡ. 'ಇದಾ ಅದಾ' ಅನ್ನುವ ಪ್ರಶ್ನೆ ಕೇಳಿ.

ನನ್ನ ಹೊಲಿಗೆ ಮಿಷಿನ್ ಪಕ್ಕವೇ ಅಭ್ಯಾಸ ಶುರುವಾಯಿತು. ಖಾಯಂ ಬರುವ ಗಿರಾಕಿ ಒಬ್ಬರಿಗೆ ಮೊದಲೇ ಹೇಳಿಟ್ಟಿದ್ದೆ, ಅವಳನ್ನು ನೋಡಬೇಡಿ, ಮಾತಾಡಿಸಬೇಡಿ ಅಂತ. ಅವರ ಮುಂದೆ ನಾನು ಕೇಳೋದು, "ಪುಟ್ಟಿ, ಆಂಟಿ ಬ್ಲೌಸಿಗೆ ಹಸಿರು ದಾರ ಹಾಕ್ಲಾ, ನೀಲಿ ಹಾಕ್ಲಾ?" ಐದು ಎಣಿಸೋದು. ಐದು ಸೆಕೆಂಡು ಎಷ್ಟು ಉದ್ದ ಅಂತ ಆಗ ಗೊತ್ತಾಗುತ್ತದೆ. ಎಷ್ಟೋ ಸಲ ಏನೂ ಬರಲಿಲ್ಲ. "ಪರವಾಗಿಲ್ಲ, ಆಮೇಲೆ ನೋಡೋಣ" ಅಂತ ಬಿಟ್ಟುಬಿಡುತ್ತಿದ್ದೆ. ಒಂದು ದಿನ "ಹಸ್ರು" ಅಂತ ನನ್ನ ಸೀರೆ ಸೆರಗಿಗೆ ಹೇಳಿದಳು. ಆಂಟಿ ಕೇಳಿಸಿಕೊಂಡೂ ಕೇಳದವರ ಹಾಗೆ ಕೂತಿದ್ದರು. ಅದು ಎಲ್ಲಕ್ಕಿಂತ ಕಷ್ಟದ ಕೆಲಸ. ಮಗು ಬಾಯಿ ಬಿಟ್ಟ ಕೂಡಲೇ "ಅಯ್ಯೋ ಮಾತಾಡಿದ್ಲು!" ಅಂತ ಚಪ್ಪಾಳೆ ತಟ್ಟಿದರೆ ಮತ್ತೆ ಎಲ್ಲರ ಕಣ್ಣು ಅವಳ ಮೇಲೇ ಬೀಳುತ್ತದೆ. ಅವಳಿಗೆ ಬೇಡದೆ ಇರೋದೇ ಅದು.

ಮನೆಯದು ಹೀಗೆ ನಡೆಯಿತು. ಶಾಲೆಯದು ಬೇರೆ ಕಥೆ. ಪ್ರಿನ್ಸಿಪಾಲರು ಮೊದಲಿಗೆ "ಸ್ಪೆಷಲ್ ಸ್ಕೂಲ್ ನೋಡೋದು ಒಳ್ಳೇದೇನೋ" ಅಂದರು. ಸೈಕಾಲಜಿಸ್ಟ್ ಕೊಟ್ಟ ಪತ್ರ ಮುಂದಿಟ್ಟೆ. ಬುದ್ಧಿ, ಕಿವಿ, ಮಾತು ಮೂರೂ ಸರಿಯಿದೆ, ಇದೇ ಶಾಲೆಯಲ್ಲಿ ಈ ಈ ಬದಲಾವಣೆ ಬೇಕು ಅಂತ ಅದರಲ್ಲಿ ಬರೆದಿತ್ತು. ಬಾಯಲ್ಲಿ ಹೇಳಿದ್ದಕ್ಕಿಂತ ಲೆಟರ್‌ಹೆಡ್ ಇರುವ ಹಾಳೆಗೆ ಬೆಲೆ ಜಾಸ್ತಿ, ಇದು ಲೋಕಾರೂಢಿ. ಅಷ್ಟರಲ್ಲಿ ಪುಟ್ಟಿ ಒಂದನೇ ಕ್ಲಾಸಿಗೆ ಬಂದಿದ್ದಳು. ಆ ಕ್ಲಾಸಿನ ಮಿಸ್ ಮಾತ್ರ ಪತ್ರ ಪೂರ್ತಿ ಓದುವ ಮೊದಲೇ ಒಪ್ಪಿದರು. ಅವರಿಗೂ ಒಂದು ಸಮಸ್ಯೆ ಇತ್ತು, ಓದುವ ಪರೀಕ್ಷೆಗೆ ಅವಳಿಗೆ ಮಾರ್ಕ್ಸ್ ಕೊಡೋದು ಹೇಗೆ? ಮನೆಯಲ್ಲಿ ಓದಿಸಿ ರೆಕಾರ್ಡ್ ಮಾಡಿ ಅವರ ವಾಟ್ಸಾಪಿಗೆ ಕಳಿಸೋದು ಅಂತ ಆಯಿತು. ಪುಟ್ಟಿಯ ಧ್ವನಿ ಮಿಸ್ ಕಿವಿಗೆ ಮೊದಲು ಬಿದ್ದದ್ದು ಹಾಗೆ, ಫೋನಿನಲ್ಲಿ. ಹಾಜರಿಗೆ ಕೈ ಎತ್ತಿದರೆ ಸಾಕು. ಟಾಯ್ಲೆಟ್‌ಗೆ ಒಂದು ಹಳದಿ ಕಾರ್ಡು, ಮೇಜಿನ ಮೇಲೆ ಇಟ್ಟು ಹೋದರೆ ಆಯಿತು. ಕಾರ್ಡ್ ಬಂದ ವಾರವೇ ಬಾಟಲಿ ಖಾಲಿಯಾಗಿ ಬರತೊಡಗಿತು. ನನ್ನ ಮಟ್ಟಿಗೆ ದೊಡ್ಡ ಗೆಲುವು ಅದೇ, ಮಾತು ಆಮೇಲೆ.

ಮಾತಿನ ಕೆಲಸ ಬೆಲ್ ಹೊಡೆಯುವ ಮೊದಲು, ಖಾಲಿ ಕ್ಲಾಸಿನಲ್ಲಿ. ಇದಕ್ಕೆ 'ಸ್ಲೈಡಿಂಗ್ ಇನ್' ಅನ್ನುತ್ತಾರೆ. ಮಗು ಆರಾಮಾಗಿ ಮಾತಾಡುವ ಒಬ್ಬರ ಜೊತೆ ಆ ಜಾಗದಲ್ಲಿ ಮಾತು ಶುರುವಾಗಬೇಕು. ಆಮೇಲೆ ಹೊಸಬರು ಚೂರು ಚೂರೇ ಒಳಗೆ ಬರಬೇಕು. ಯಾವ ಆಟ ಆಡಿಸಲಿ ಅಂತ ಕೇಳಿದಾಗ ಮೇಡಂ, "ಎಣಿಸೋ ಆಟ ಯಾವುದಾದ್ರೂ ಸರಿ, ಎಣಿಸೋದು ಮಾತಿಗಿಂತ ಸುಲಭ" ಅಂದರು. ಹಾಗಾದರೆ ನಮ್ಮ ಮನೆಯಲ್ಲಿ ಚೌಕಾಬಾರ ಇದೆಯಲ್ಲ! ಅತ್ತೆಯ ಹಳೇ ಕವಡೆ ತಗೊಂಡು, ಕ್ಲಾಸಿನ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಐದೈದು ಮನೆ ಬರೆದೆ.

ಮೊದಮೊದಲು ಬಾಗಿಲು ಮುಚ್ಚಿ ನಾವಿಬ್ಬರೇ. ಅವಳು ಪಿಸುಪಿಸು ಎಣಿಸುತ್ತಿದ್ದಳು. ಧ್ವನಿ ಮಾಮೂಲಿಗೆ ಬಂದ ಮೇಲೆ ಬಾಗಿಲು ಅರ್ಧ ತೆರೆದೆವು. ಆಮೇಲೆ ಮಿಸ್ ಕಾರಿಡಾರಿನಲ್ಲಿ ಓಡಾಡೋದು. ಆಮೇಲೆ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಬೆನ್ನು ಹಾಕಿ ಕೂತು ನೋಟ್‌ಬುಕ್ ತಿದ್ದೋದು. ಮಿಸ್ ಒಂದು ಬೆಂಚು ಮುಂದೆ ಬಂದರೆ ಪುಟ್ಟಿಯ ಧ್ವನಿ ಒಂದು ಮೆಟ್ಟಿಲು ಇಳಿಯುತ್ತಿತ್ತು. ಇಳಿದರೆ ಅಲ್ಲೇ ನಿಲ್ಲೋದು, ಸರಿಹೋಗುವವರೆಗೆ ಮುಂದೆ ಹೋಗುವ ಹಾಗಿಲ್ಲ. ಮಿಸ್‌ಗೆ ಎಷ್ಟು ತಾಳ್ಮೆ ಬೇಕಾಗಿತ್ತು ಅಂತ ಯೋಚಿಸಿ. ಮನೆಯಲ್ಲಿ ಎರಡು ಮಕ್ಕಳಿರುವ ಹೆಂಗಸು, ಇದಕ್ಕೋಸ್ಕರ ಬೇಗ ಬರುತ್ತಿದ್ದರು.

ಕೊನೆಗೆ ಮಿಸ್ ನೆಲದ ಮೇಲೇ ಬಂದು ಕೂತರು. ಆಟಕ್ಕೆ ಸೇರಿದರು, ಆದರೆ ಪುಟ್ಟಿಯನ್ನು ಏನೂ ಕೇಳಲಿಲ್ಲ. ತಮ್ಮ ಸರದಿ ಬಂದಾಗ ಕವಡೆ ಹಾಕಿ "ಮೂರು" ಅಂತ ತಮ್ಮಷ್ಟಕ್ಕೆ ಹೇಳಿಕೊಳ್ಳೋರು. ಪುಟ್ಟಿ ತನ್ನದನ್ನು ಬೆರಳಲ್ಲಿ ತೋರಿಸೋಳು. ಒಂದು ದಿನ ಅವಳು ಹಾಕಿದ ನಾಲ್ಕೂ ಕವಡೆ ಮಗುಚಿ ಬಿದ್ದವು. ಚೌಕಾಬಾರ ಆಡಿದವರಿಗೆ ಗೊತ್ತು, ಅದು ಬಾರಾ, ಅಂದರೆ ಎಂಟು, ಇನ್ನೊಂದು ಆಟ ಬೇರೆ ಸಿಗುತ್ತದೆ, ಆಗ ಬಾಯಿ ಮುಚ್ಚಿಕೊಂಡಿರೋಕೆ ಯಾರಿಗೂ ಆಗಲ್ಲ. "ಬಾರಾ!" ಅಂತ ಕೂಗಿಯೇಬಿಟ್ಟಳು. ಮಿಸ್ ಏನೂ ಆಗದ ಹಾಗೆ, "ಅಯ್ಯೋ, ನನ್ನ ಕಾಯಿ ಹೋಯ್ತು" ಅಂದರು. ಆಟ ಮುಂದುವರಿಯಿತು. ನಾನು ಮಾತ್ರ ಟೇಪು ಹುಡುಕುವ ನೆಪದಲ್ಲಿ ಬ್ಯಾಗಿನೊಳಗೆ ಮುಖ ಹಾಕಿಕೊಂಡೆ.

ಆಮೇಲೆ ನಮ್ಮ ಬೀದಿಯ ಹುಡುಗಿ ಸೇರಿದಳು. ನಾನು ನೀರು ಕುಡಿದು ಬರುತ್ತೇನೆ ಅಂತ ಹೊರಗೆ ಹೋಗೋದು, ಸ್ವಲ್ಪ ಸ್ವಲ್ಪವೇ ತಡವಾಗಿ ಬರೋದು. ಎರಡನೇ ಟರ್ಮಿನ ಹೊತ್ತಿಗೆ ನಾನು ಗೇಟಿನಿಂದಲೇ ವಾಪಸ್.

ಇಷ್ಟು ಸಲೀಸಾಗಿ ಮುಗಿಯಿತು ಅಂದುಕೊಳ್ಳಬೇಡಿ. ಮಿಸ್ ರಜೆಯಲ್ಲಿದ್ದಾಗ ಬಂದ ಇನ್ನೊಬ್ಬ ಟೀಚರ್, 'ಪ್ರೆಸೆಂಟ್' ಅನ್ನುವವರೆಗೆ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಪೂರ್ತಿ ಒಂದು ಪೀರಿಯಡ್ಡು. ಮಾರನೇ ದಿನದಿಂದ ಪುಟ್ಟಿ ಕಾರ್ಡನ್ನೂ ಮುಟ್ಟಲಿಲ್ಲ, ಟಿಫಿನ್ ಡಬ್ಬಿಯನ್ನೂ ತೆಗೆಯಲಿಲ್ಲ. ನಾನು ಶಾಲೆಗೆ ಬರವಣಿಗೆಯಲ್ಲಿ ದೂರು ಕೊಟ್ಟೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಮಕ್ಕಳಿಗೆ ಹೊಡೆಯುವುದು ಮಾತ್ರವಲ್ಲ, ಮಾನಸಿಕ ಹಿಂಸೆ ಕೊಡುವುದೂ ನಿಷೇಧ. ಆ ಸಾಲನ್ನು ಹಾಗೇ ಬರೆದೆ. ಜಗಳಕ್ಕೆ ನಿಂತ ಹಾಗಾಗುತ್ತೆ ಅಂತ ನಮ್ಮನೆಯವರು ಹಿಂಜರಿದರು, ಆದರೂ ಸಹಿ ಹಾಕಿದರು. ಆ ಟೀಚರ್ ಆಮೇಲೆ ಬಂದು ಮಾತಾಡಿದರು. ಅವರಿಗೆ ಯಾರೂ ಏನೂ ಹೇಳಿಯೇ ಇರಲಿಲ್ಲ.

ಮೈಸೂರಿಗೆ ಓಡಿದೆ. ಮೇಡಂ ಗಾಬರಿಯಾಗಲಿಲ್ಲ. ಹೀಗಾದಾಗ ಎರಡು ಹೆಜ್ಜೆ ಹಿಂದೆ ಹೋಗಿ ಅಲ್ಲಿಂದ ಶುರು ಮಾಡಿ, ಈ ಸಲ ಬೇಗ ಆಗುತ್ತೆ ಅಂದರು. ಮತ್ತೆ ಖಾಲಿ ಕ್ಲಾಸು, ಮತ್ತೆ ಕವಡೆ. ನಿಜವಾಗಿಯೂ ಬೇಗ ಆಯಿತು. ಇಷ್ಟಕ್ಕೂ ಬಗ್ಗದಿದ್ದರೆ ಕೆಲವು ಮಕ್ಕಳಿಗೆ ಮನೋವೈದ್ಯರು ಆತಂಕ ಕಡಿಮೆ ಮಾಡುವ ಮಾತ್ರೆಯನ್ನೂ ಕೊಡುತ್ತಾರಂತೆ. ನಮಗೆ ಅದು ಬೇಕಾಗಲಿಲ್ಲ.

ಈಗ ಅವಳು ಎರಡನೇ ಕ್ಲಾಸು. ಮಿಸ್ ಜೊತೆ, ಏಳೆಂಟು ಮಕ್ಕಳ ಜೊತೆ ಮಾತಾಡುತ್ತಾಳೆ. ಪ್ರಿನ್ಸಿಪಾಲರ ಜೊತೆ ಇಲ್ಲ. ಸ್ಕೂಲ್ ಡೇಯಲ್ಲಿ ಡ್ಯಾನ್ಸ್ ಮಾಡಿದಳು, ಮೈಕ್ ಹತ್ತಿರ ಹೋಗಲಿಲ್ಲ. ಅಂಗಡಿಯಲ್ಲಿ ಕೊತ್ತಂಬರಿ ಕೇಳುತ್ತಾಳೆ, ಚಿಲ್ಲರೆ ಕಡಿಮೆ ಕೊಟ್ಟರೆ ಹೇಳಲ್ಲ, ಮನೆಗೆ ಬಂದು ನನ್ನ ಜೊತೆ ಜಗಳ ಆಡುತ್ತಾಳೆ. ಸಂಜೆಯ ಎಸೆದಾಟ ಹೆಚ್ಚುಕಡಿಮೆ ನಿಂತಿದೆ. ನಿಂತಿಲ್ಲದ ದಿನ ಶಾಲೆಯಲ್ಲಿ ಏನೋ ಆಗಿದೆ ಅಂತ ಲೆಕ್ಕ.

ಕ್ಲಾಸ್ ಬದಲಾದಾಗ ಹೊಸ ಮಿಸ್‌ಗೆ ಕೊಡಲು ಒಂದು ಪುಟ ಬರೆದಿಟ್ಟಿದ್ದೇನೆ. ಬದಲಿಗೆ ಬರುವ ಟೀಚರಿಗೂ ಸಿಗಲಿ ಅಂತ ಒಂದು ಪ್ರತಿ ಹಾಜರಿ ಪುಸ್ತಕದೊಳಗೆ ಅಂಟಿಸಲು ಕೇಳಿಕೊಂಡೆ, ಒಪ್ಪಿದರು. ಅದರಲ್ಲಿ ಇರೋದು ಇಷ್ಟೇ. ಯಾಕೆ ಮಾತಾಡಲ್ಲ ಅಂತ ಕೇಳಬೇಡಿ. ಐದು ಎಣಿಸಿ ಕಾಯಿರಿ. 'ಇದಾ ಅದಾ' ಅಂತ ಕೇಳಿ. ಮಾತಾಡಿದರೆ ಎಲ್ಲರ ಮುಂದೆ ಹೊಗಳಬೇಡಿ. ಹಳದಿ ಕಾರ್ಡು ಇಟ್ಟು ಹೊರಗೆ ಹೋದರೆ ಬಿಡಿ. ನಾನು ಕಾರ್ಡಿನ ವಿಷಯ ಕೊನೆಯಲ್ಲಿ ಬರೆದಿದ್ದೆ. ಪುಟ್ಟಿ ಓದಿ ನೋಡಿ, "ಅಮ್ಮ, ಇದನ್ನ ಮೊದಲು ಹಾಕು. ಅವರು ಕೆಳಗಿನ ತನಕ ಓದಲ್ಲ" ಅಂದಳು. ಬದಲಾಯಿಸಿ ಮತ್ತೆ ಪ್ರಿಂಟ್ ತೆಗೆಸಿದೆ.